ಚೇಂಬರ್‌ನಲ್ಲಿ ತೋಟಾ ಇಟ್ಟು ಪಿಸ್ತೂಲನ್ನು ಸೊಂಟದಲ್ಲಿ ಒಯ್ಯುವುದು: ನಿಜವಾದ ಅಪಾಯ ಎಲ್ಲಿದೆ?

ಹೊಸಗುರಿ:

ಪಿಸ್ತೂಲು ಗ್ಲಾಕ್ 19, 9 ಎಂಎಂ. ಬೆರಳಿನಿಂದ ಹಾಕಿ ತೆಗೆಯುವ ಸೇಫ್ಟಿ ಇದಕ್ಕಿಲ್ಲ. ಲೈಸೆನ್ಸು, ಒಯ್ಯುವ ಅನುಮತಿ ಎಲ್ಲ ಸರಿಯಾಗಿವೆ, ಆ ಚರ್ಚೆ ಇಲ್ಲಿ ಬೇಡ. ಸದ್ಯ ಪ್ಯಾಂಟಿನ ಒಳಗೆ, ಬಕಲ್‌ನ ಪಕ್ಕದಲ್ಲಿ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್‌ನಲ್ಲಿ, ಅಂದರೆ ಪಿಸ್ತೂಲಿನ ಒರೆಯಲ್ಲಿ, ಇಟ್ಟುಕೊಳ್ಳುತ್ತೇನೆ. ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ತುಂಬಿರುತ್ತದೆ, ಚೇಂಬರ್ (ಹಾರಲು ಸಿದ್ಧವಾಗಿ ತೋಟಾ ಕೂರುವ, ನಳಿಗೆಯ ಹಿಂತುದಿಯ ಗೂಡು) ಖಾಲಿ. ಚೇಂಬರ್ ತುಂಬಿಸದಿದ್ದರೆ ಹೊರಗೆ ಎಳೆದ ಮೇಲೂ ತೋಟಾ ಏರಿಸಲು ಎರಡೂ ಕೈ ಬೇಕು, ಆ ಹೊತ್ತಿಗೆ ಒಂದು ಕೈ ಬಿಡುವಿಲ್ಲದಿದ್ದರೆ ಕಥೆ ಮುಗಿಯಿತು ಅನ್ನುತ್ತಾರೆ. ಮಾತು ಸರಿ. ಆದರೆ ನಳಿಗೆಯ ಮುಖ ಎಲ್ಲಿಗಿದೆ ಎಂದು ನೆನೆಸಿಕೊಂಡರೆ ಕೈ ಹಿಂಜರಿಯುತ್ತದೆ.

ತಿಳಿಯಬೇಕಾದ್ದು ಇಷ್ಟು. ಒಳಗೆ ಸ್ಟ್ರೈಕರ್ (ತೋಟಾಕ್ಕೆ ಬಡಿದು ಹಾರಿಸುವ ಸೂಜಿ) ಅರ್ಧ ಎಳೆದ ಸ್ಥಿತಿಯಲ್ಲೇ ಇರುತ್ತದಂತೆ. ಅದು ತಾನಾಗಿ ಜಾರಿದರೆ? ಪಿಸ್ತೂಲು ಕೈಜಾರಿ ನೆಲಕ್ಕೆ ಬಿದ್ದರೆ? ಮತ್ತೆ ಹೋಲ್‌ಸ್ಟರ್‌ಗೆ ಹಾಕುವಾಗ ಯಾವುದರ ಮೇಲೆ ಕಣ್ಣಿಡಬೇಕು? ರಾತ್ರಿ ಖಾಲಿ ಮಾಡಿ ಬೆಳಿಗ್ಗೆ ಅದೇ ತೋಟಾವನ್ನು ಮತ್ತೆ ಚೇಂಬರ್‌ಗೆ ಏರಿಸಿದರೆ ತೊಂದರೆ ಉಂಟೇ?

ಸ್ಲೈಡ್‌ನೊಳಗೆ:

ಮೊದಲ ಎರಡು ಪ್ರಶ್ನೆ ನನಗಿರಲಿ.

ಗ್ಲಾಕ್‌ನಲ್ಲಿ ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದ, ಹಿಂದೆ ಮುಂದೆ ಜಾರುವ ಲೋಹದ ಭಾಗ) ಹಿಂದೆ ಹೋಗಿ ಮುಂದೆ ಬಂದಾಗ ಸ್ಟ್ರೈಕರ್ ಪೂರ್ತಿ ಎಳೆದ ಸ್ಥಿತಿಗೆ ಬರುವುದಿಲ್ಲ. ಉಳಿದ ಎಳೆತವನ್ನು ಟ್ರಿಗರ್ ಒತ್ತುವ ನಿಮ್ಮ ಬೆರಳೇ ಮಾಡುತ್ತದೆ. ಅಷ್ಟರೊಳಗೆ ಮೂರು ತಡೆಗಳಿವೆ. ಟ್ರಿಗರ್‌ನ ನಡುವೆ ಇರುವ ಸಣ್ಣ ಅಲಗು ಒತ್ತದೆ ಟ್ರಿಗರ್ ಹಿಂದಕ್ಕೆ ಬರುವುದಿಲ್ಲ. ಸ್ಲೈಡ್‌ನೊಳಗೆ ಸ್ಪ್ರಿಂಗ್ ಮೇಲೆ ಕೂತ ಒಂದು ಗುಂಡಗಿನ ಪ್ಲಂಜರ್ ಸ್ಟ್ರೈಕರ್‌ನ ದಾರಿಗೆ ಅಡ್ಡ ನಿಂತಿರುತ್ತದೆ. ಟ್ರಿಗರ್ ಬಾರ್ (ಟ್ರಿಗರ್‌ಗೆ ಜೋಡಿಸಿದ ಪಟ್ಟಿ) ಅದನ್ನು ಮೇಲಕ್ಕೆತ್ತಿದರೆ ಮಾತ್ರ ದಾರಿ ತೆರೆಯುತ್ತದೆ. ಮೂರನೆಯದು, ಟ್ರಿಗರ್ ಬಾರ್‌ನ ಹಿಂತುದಿ ಒಂದು ಮೆಟ್ಟಿಲಿನ ಮೇಲೆ ಕೂತಿರುವುದರಿಂದ, ಬಾರ್ ಹಿಂದಕ್ಕೆ ಸರಿಯುವವರೆಗೆ ಕೆಳಗಿಳಿದು ಸ್ಟ್ರೈಕರನ್ನು ಬಿಡಲಾರದು. ಹೀಗಾಗಿ ಸ್ಟ್ರೈಕರ್ ಜಾರಿತು ಎಂದೇ ಇಟ್ಟುಕೊಳ್ಳಿ, ಪ್ಲಂಜರ್ ಅದನ್ನು ಪ್ರೈಮರ್ (ತೋಟಾದ ತಳದಲ್ಲಿ, ಬಡಿದಾಗ ಕಿಡಿ ಹೊತ್ತಿಸುವ ಭಾಗ) ತಲುಪಲು ಬಿಡುವುದಿಲ್ಲ. ಟ್ರಿಗರ್ ಹಿಂದೆ ಬಂದರೆ ಮಾತ್ರ ಮೂರೂ ಒಟ್ಟಿಗೆ ತೆರೆಯುತ್ತವೆ. ಟ್ರಿಗರ್ ಒತ್ತಲು ಬೇಕಾದ ಭಾರ ಸುಮಾರು 2.5 ಕೆಜಿ, ಅದು ಸರಿಯುವ ದೂರ ಸುಮಾರು 12.5 ಮಿ.ಮೀ.

ಎಲ್ಲ ಸ್ಟ್ರೈಕರ್ ಪಿಸ್ತೂಲುಗಳೂ ಹೀಗೇ ಎಂದುಕೊಳ್ಳಬೇಡಿ. ಸಿಗ್ ಪಿ320, ಎಚ್‌ಕೆ ವಿಪಿ9 ಇವುಗಳಲ್ಲಿ ಸ್ಟ್ರೈಕರ್ ಪೂರ್ತಿ ಎಳೆದೇ ಇರುತ್ತದೆ. ಅಲ್ಲಿ ಒಳಗಿನ ತಡೆಯ ಮೇಲೆ ಹೆಚ್ಚು ಹೊಣೆ.

ಬೀಳುವ ವಿಷಯ. ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಹಾಕಿಕೊಂಡ ಪರೀಕ್ಷೆಯಲ್ಲಿ ಪಿಸ್ತೂಲನ್ನು 4 ಅಡಿ, ಅಂದರೆ ಸುಮಾರು 1.2 ಮೀಟರ್ ಎತ್ತರದಿಂದ ಬೇರೆಬೇರೆ ಭಂಗಿಗಳಲ್ಲಿ ರಬ್ಬರ್ ಹಾಸಿನ ಮೇಲೆ ಬೀಳಿಸುತ್ತಾರೆ. ಅದು ಕನಿಷ್ಠ ಮಟ್ಟವೇ ಹೊರತು ಪೂರ್ತಿ ಭರವಸೆಯಲ್ಲ. 2017ರಲ್ಲಿ ಪಿ320 ವಿಷಯದಲ್ಲಿ ಗಮನಕ್ಕೆ ಬಂದದ್ದು ಇದೇ: ಸ್ಲೈಡ್‌ನ ಹಿಂಭಾಗ ಒಂದು ನಿರ್ದಿಷ್ಟ ಕೋನದಲ್ಲಿ ನೆಲಕ್ಕೆ ಬಡಿದಾಗ ಪಿಸ್ತೂಲು ನಿಂತುಬಿಡುತ್ತದೆ, ಟ್ರಿಗರ್ ಮಾತ್ರ ತನ್ನ ತೂಕದ ಜಡತ್ವದಿಂದ ಹಿಂದಕ್ಕೆ ಚಲಿಸುತ್ತದೆ. ಒಳಗಿನ ತಡೆಯನ್ನು ತೆರೆಯುವುದೂ ಅದೇ ಟ್ರಿಗರ್ ಆದ್ದರಿಂದ ತಡೆ ಇದ್ದೂ ಇಲ್ಲದಂತಾಯಿತು. ಆ ವರ್ಷವೇ ಕಂಪನಿ ಹಗುರ ಟ್ರಿಗರ್ ಸೇರಿದಂತೆ ಬಿಡಿಭಾಗ ಬದಲಿಸಿಕೊಡುವ ವ್ಯವಸ್ಥೆ ಮಾಡಿತು. ಹಳೆಯ ಪಿ320 ಯಾರ ಬಳಿಯಾದರೂ ಇದ್ದರೆ ಬದಲಾವಣೆ ಆಗಿದೆಯೇ ಎಂದು ಮೊದಲು ನೋಡಿ.

ಗ್ಲಾಕ್‌ನ ಟ್ರಿಗರ್ ನಡುವಿನ ಆ ಅಲಗು ಇರುವುದೇ ಈ ಜಡತ್ವವನ್ನು ತಡೆಯಲು. ಚಂದ ಕಾಣುತ್ತದೆಂದು ಭಾರದ ಲೋಹದ ಟ್ರಿಗರ್ ಹಾಕಿಸುವುದು, ಸ್ಟ್ರೈಕರ್ ಸ್ಪ್ರಿಂಗನ್ನು ಮೆತ್ತಗಿನದಕ್ಕೆ ಬದಲಿಸುವುದು, ಟ್ರಿಗರ್ ಹಗುರವಾಗಲಿ ಎಂದು ಪ್ಲಂಜರ್‌ನ ಅಂಚು ಉಜ್ಜುವುದು, ಇವೆಲ್ಲ ಸ್ಪರ್ಧೆಯ ಪಿಸ್ತೂಲಿಗಿರಲಿ. ಸೊಂಟಕ್ಕೆ ಸಿಕ್ಕಿಸುವ ಪಿಸ್ತೂಲಿನ ಒಳಭಾಗ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು.

ಒಂದು ಮಾತು ಬಾಯಿಪಾಠ ಮಾಡಿಕೊಳ್ಳಿ: ಬೀಳುತ್ತಿರುವ ಪಿಸ್ತೂಲನ್ನು ಹಿಡಿಯಲು ಹೋಗಬೇಡಿ. ಗಾಳಿಯಲ್ಲಿ ಬಾಚಿ ಹಿಡಿಯುವ ಕೈಯ ಬೆರಳು ನೇರ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಒಳಗೆ ಹೋಗಬಹುದು. ಬೀಳಲಿ ಬಿಡಿ, ಆಮೇಲೆ ಎತ್ತಿಕೊಳ್ಳಿ.

ಕೈಡೆಕ್ಸ್_ಕೆಲಸ:

ಸ್ಲೈಡ್‌ನೊಳಗೆ ಅವರು ಹೇಳಿದ್ದರ ಸಾರ ಹಿಡಿದರೆ ಮುಂದಿನದು ಸುಲಭ. ಟ್ರಿಗರ್ ಒತ್ತದೆ ಹಾರದು. ಹಾಗಾದರೆ ಟ್ರಿಗರನ್ನು ಏನೇನು ಒತ್ತಬಹುದು? ಸೊಂಟದಲ್ಲಿ ಸುಮ್ಮನೆ ಕೂತಿರುವಾಗ ಒಳ್ಳೆಯ ಹೋಲ್‌ಸ್ಟರ್‌ನೊಳಗೆ ಏನೂ ಒತ್ತಲಾರದು. ಎಡವಟ್ಟಾಗುವುದು ಒಳಗೆ ಹಾಕುವಾಗ, ಹೊರಗೆ ತೆಗೆಯುವಾಗ. ಅದರಲ್ಲೂ ಹಾಕುವಾಗಲೇ ಹೆಚ್ಚು.

ಹೋಲ್‌ಸ್ಟರ್ ಸರಿಯಿದೆಯೇ ಎಂದು ನೋಡುವುದು ಹೀಗೆ. ಪಿಸ್ತೂಲು ಪೂರ್ತಿ ಖಾಲಿ ಮಾಡಿ, ಎರಡು ಸಲ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಂಡು, ಹೋಲ್‌ಸ್ಟರ್‌ಗೆ ಹಾಕಿ. ಈಗ ಹೋಲ್‌ಸ್ಟರ್‌ನ ಹೊರಗಿನಿಂದ, ಬಾಯಿಯ ಕಡೆಯಿಂದ, ಕೆಳಗಿನಿಂದ ಬೆರಳು ತೂರಿಸಿ ಟ್ರಿಗರ್ ತಲುಪಲು ಪ್ರಯತ್ನಿಸಿ. ಗೋಡೆಯನ್ನು ಗಟ್ಟಿಯಾಗಿ ಒತ್ತಿ ನೋಡಿ. ಟ್ರಿಗರ್ ಅಲುಗಿದರೆ ಆ ಹೋಲ್‌ಸ್ಟರ್ ಕಸಕ್ಕೆ. ನಂತರ ತಲೆಕೆಳಗು ಹಿಡಿದು ಹಾಸಿಗೆಯ ಮೇಲೆ ಅಲ್ಲಾಡಿಸಿ, ಪಿಸ್ತೂಲು ಬೀಳಬಾರದು. ಹೊರಗೆ ತೆಗೆದ ಮೇಲೆ ಬೆಲ್ಟ್ ಬಿಗಿ ಇದ್ದರೂ ಹೋಲ್‌ಸ್ಟರ್‌ನ ಬಾಯಿ ತೆರೆದೇ ಇರಬೇಕು, ಬೆರಳಿಂದ ಬಿಡಿಸಬೇಕಾದ ಸ್ಥಿತಿ ಬರಬಾರದು.

ಬಟ್ಟೆಯ, ಮೆತ್ತನೆ ನಿಯೋಪ್ರೀನ್‌ನ, ಎಲ್ಲ ಪಿಸ್ತೂಲಿಗೂ ಹೊಂದುತ್ತದೆ ಎಂಬ ಹೋಲ್‌ಸ್ಟರ್‌ಗಳನ್ನು ಚೇಂಬರ್ ತುಂಬಿದ ಪಿಸ್ತೂಲಿಗೆ ಬಳಸಲೇಬೇಡಿ. ಒಳ್ಳೆಯ ಚರ್ಮವಾದರೆ ತೊಂದರೆಯಿಲ್ಲ, ಆದರೆ ಬೆವರು ಕುಡಿದು ಮೆತ್ತಗಾದ ಹಳೆಯ ಚರ್ಮದ ಬಾಯಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಪಿಸ್ತೂಲು ಒಳಗೆ ತಳ್ಳುವಾಗ ಆ ಮಡಿಕೆ ಟ್ರಿಗರ್ ಗಾರ್ಡ್‌ನೊಳಗೆ ಹೊಕ್ಕು ಬೆರಳಿನ ಕೆಲಸ ಮಾಡಿಬಿಡುತ್ತದೆ.

ಪಿಸ್ತೂಲಿಗೆ ಟಾರ್ಚ್ ಜೋಡಿಸಿದ್ದರೆ ಇನ್ನೊಂದು ತೊಡಕು. ಟಾರ್ಚ್ ಒಳಹೋಗಬೇಕಾದ್ದರಿಂದ ಅಂಥ ಹೋಲ್‌ಸ್ಟರ್‌ನ ಬಾಯಿ ಅಗಲ, ಟ್ರಿಗರ್‌ನ ಪಕ್ಕದಲ್ಲಿ ಸಂದಿ ಉಳಿದಿರುತ್ತದೆ. ಮೇಲೆ ಹೇಳಿದ ಬೆರಳಿನ ಪರೀಕ್ಷೆಯಲ್ಲಿ ಇಂಥವೇ ಹೆಚ್ಚು ಸೋಲುತ್ತವೆ. ಟಾರ್ಚ್ ನಿಜವಾಗಿ ಬೇಕೇ ಎಂದು ಯೋಚಿಸಿ.

ಈಗ ಹಾಕುವ ಕ್ರಮ. ಬೆರಳು ಟ್ರಿಗರ್ ಗಾರ್ಡ್‌ನಿಂದ ಹೊರಗೆ, ಫ್ರೇಮ್‌ನ ಮೇಲೆ ಎತ್ತರದಲ್ಲಿ ನೇರವಾಗಿ ಚಾಚಿರಬೇಕು. ಎಡಗೈಯಿಂದ ಅಂಗಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಅಲ್ಲೇ ಹಿಡಿಯಿರಿ. ಆ ಕೈ ನಳಿಗೆಯ ಮುಂದೆ ಬರಕೂಡದು. ಸೊಂಟವನ್ನು ಮುಂದಕ್ಕೆ ಚಾಚಿ, ಬೆನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ಹೀಗೆ ಮಾಡಿದಾಗ ನಳಿಗೆಯ ಮುಖ ದೇಹದಿಂದ ಆಚೆಗೆ ತಿರುಗುತ್ತದೆ. ಬಗ್ಗಿ ನೋಡುವ ಅಭ್ಯಾಸ ಇದ್ದವರು ತಮಗೆ ತಾವೇ ಗುರಿ ಇಟ್ಟುಕೊಂಡಂತೆ. ಹೋಲ್‌ಸ್ಟರ್‌ನ ಬಾಯಿಯನ್ನು ಕಣ್ಣಿಂದ ನೋಡಿ: ಅಂಗಿಯ ಅಂಚು, ಜಾಕೆಟ್ಟಿನ ದಾರ, ದಾರದ ತುದಿಯ ಪ್ಲಾಸ್ಟಿಕ್ ಗುಂಡಿ ಯಾವುದೂ ಇರಬಾರದು. ಆ ಗುಂಡಿ ಇದೆಯಲ್ಲ, ಅದು ಟ್ರಿಗರ್ ಗಾರ್ಡ್‌ನೊಳಗೆ ಸರಿಯಾಗಿ ಹಿಡಿಸುವ ಗಾತ್ರದ್ದು. ಪಿಸ್ತೂಲು ಒಯ್ಯುವ ದಿನ ಹಾಕುವ ಜಾಕೆಟ್ಟುಗಳಿಂದ ಅದನ್ನು ಕತ್ತರಿಸಿ ತೆಗೆದುಬಿಡಿ. ಕೊನೆಗೆ ಮೆಲ್ಲಗೆ ಇಳಿಸಿ. ನಡುವೆ ಎಲ್ಲಾದರೂ ತಡೆ ಸಿಕ್ಕಿತೋ, ಒತ್ತಬೇಡಿ. ಪೂರ್ತಿ ಹೊರಗೆ ತೆಗೆದು ಏನು ಅಡ್ಡ ಬಂತೆಂದು ನೋಡಿ. ಬೇಗ ಎಳೆಯುವುದಕ್ಕೆ ಕಾರಣ ಇರಬಹುದು, ಬೇಗ ಒಳಗೆ ತುರುಕುವುದಕ್ಕೆ ಯಾವ ಕಾರಣವೂ ಇಲ್ಲ.

ಮನೆಯಿಂದ ಹೊರಡುವಾಗ ಇಷ್ಟು ಕಸರತ್ತೂ ಬೇಡ. ಹೋಲ್‌ಸ್ಟರನ್ನು ಮೇಜಿನ ಮೇಲೆ ಇಟ್ಟು, ನಳಿಗೆ ಸುರಕ್ಷಿತ ದಿಕ್ಕಿಗಿರುವಂತೆ ಪಿಸ್ತೂಲನ್ನು ಅದರೊಳಗೆ ಹಾಕಿ. ಆಮೇಲೆ ಎರಡನ್ನೂ ಒಟ್ಟಿಗೆ ಪ್ಯಾಂಟಿನೊಳಗೆ ಸೇರಿಸಿ ಕ್ಲಿಪ್ ಹಾಕಿ. ತೆಗೆಯುವಾಗಲೂ ಹಾಗೆಯೇ, ಹೋಲ್‌ಸ್ಟರ್ ಸಮೇತ. ಟ್ರಿಗರ್ ಬಯಲಿಗೆ ಬರುವುದೇ ಇಲ್ಲ.

ಹೋಲ್‌ಸ್ಟರ್‌ನ ಸ್ಕ್ರೂಗಳು ನಡೆದಾಡಿಯೇ ಸಡಿಲವಾಗುತ್ತವೆ. ನೀಲಿ ಬಣ್ಣದ ಲಾಕ್‌ಟೈಟ್ (ಸ್ಕ್ರೂಗೆ ಹಾಕುವ ಅಂಟು) ಒಂದು ಹನಿ ಸಾಕು. ಕೆಂಪು ಹಾಕಿದರೆ ಮತ್ತೆ ಬಿಚ್ಚಲು ಕಾಯಿಸಬೇಕಾಗುತ್ತದೆ, ಕಾಯಿಸಿದರೆ ಕೈಡೆಕ್ಸ್ ಸೊಟ್ಟಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಬಿಡಬೇಡಿ.

ತೋಟಾಲೆಕ್ಕ:

ನಾಲ್ಕನೇ ಪ್ರಶ್ನೆಗೆ: ತೊಂದರೆ ಉಂಟು, ಸಣ್ಣದಲ್ಲ.

ಒಂದೇ ತೋಟಾ ಪ್ರತಿದಿನ ಚೇಂಬರ್‌ಗೆ ಏರಿ ಇಳಿಯುತ್ತಿದ್ದರೆ ಪ್ರತಿಸಲ ಅದರ ಮೂತಿ ಚೇಂಬರ್‌ನ ಬಾಯಿಯ ಇಳಿಜಾರಾದ ಫೀಡ್ ರ್‍ಯಾಂಪ್‌ಗೆ ಬಡಿಯುತ್ತದೆ. ಗುಂಡು ಕೇಸ್‌ನೊಳಗೆ (ಮದ್ದು ತುಂಬಿದ ಲೋಹದ ಕೊಳವೆ) ಚೂರುಚೂರೇ ಹಿಂದಕ್ಕೆ ಸರಿಯುತ್ತದೆ. ಕೇಸ್‌ನೊಳಗಿನ ಜಾಗ ಕುಗ್ಗಿದಷ್ಟೂ ಹಾರಿಸಿದಾಗ ಒತ್ತಡ ಏರುತ್ತದೆ. 9 ಎಂಎಂ ಕೇಸ್ ಚಿಕ್ಕದು, ಮೊದಲೇ ಹೆಚ್ಚಿನ ಒತ್ತಡದ ತೋಟಾ; .40 ಎಸ್‌ಅಂಡ್‌ಡಬ್ಲ್ಯು ಎಂಬ ಇನ್ನೊಂದು ಬಗೆಯ ತೋಟಾದಲ್ಲಿ ಇದು ಇನ್ನೂ ಸೂಕ್ಷ್ಮ. ಅಲ್ಲದೆ ಪದೇಪದೇ ಬಡಿತ ತಿಂದ ಪ್ರೈಮರ್‌ನೊಳಗಿನ ಮಿಶ್ರಣ ಉದುರಿ, ಬೇಕಾದಾಗ ಹಾರದೆ ಹೋಗಬಹುದು.

ಅಳೆಯಲು ವರ್ನಿಯರ್ ಕ್ಯಾಲಿಪರ್ ಸಾಕು. 9 ಎಂಎಂ ತೋಟಾದ ಒಟ್ಟು ಉದ್ದದ ಗರಿಷ್ಠ ಮಿತಿ 29.69 ಮಿ.ಮೀ., ಆದರೆ ಹಾಲೋ ಪಾಯಿಂಟ್‌ಗಳು (ಮೂತಿಯಲ್ಲಿ ಕುಳಿಯಿರುವ ಗುಂಡಿನ ತೋಟಾಗಳು) ಅದಕ್ಕಿಂತ ಗಿಡ್ಡ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ. ಹಾಗಾಗಿ ಪುಸ್ತಕದ ಅಂಕಿ ಹಿಡಿದು ಕೂರಬೇಡಿ. ಅದೇ ಡಬ್ಬಿಯಿಂದ ಒಮ್ಮೆಯೂ ಚೇಂಬರ್ ಕಾಣದ ತೋಟಾ ಒಂದನ್ನು ಅಳತೆಗೆಂದೇ ಎತ್ತಿಡಿ, ಅದರ ಪಕ್ಕಕ್ಕೆ ನಿಲ್ಲಿಸಿ ನೋಡಿ. ಕಣ್ಣಿಗೇ ಗಿಡ್ಡ ಕಂಡಿತೆಂದರೆ ಕ್ಯಾಲಿಪರ್ ಕೂಡ ಬೇಡ, ಅದನ್ನು ಹಾರಿಸಬೇಡಿ, ಬೇರೆ ಇಡಿ. ಒಮ್ಮೆ ಚೇಂಬರ್ ಕಂಡ ತೋಟಾದ ತಳದ ಮೇಲೆ ಮಾರ್ಕರ್‌ನಿಂದ ಒಂದು ಗೀಟು ಹಾಕುವುದು ಒಳ್ಳೆಯ ರೂಢಿ. ಎರಡು ಮೂರು ಗೀಟಾದದ್ದು ಉದ್ದ ಸರಿಯಿದ್ದರೆ ಅಭ್ಯಾಸದ ಡಬ್ಬಿಗೆ.

ಇದಕ್ಕಿಂತ ಒಳ್ಳೆಯ ಉಪಾಯ ದಿನಾ ಖಾಲಿ ಮಾಡದಿರುವುದು. ಹೋಲ್‌ಸ್ಟರ್ ಸಮೇತ ತೆಗೆದು ಬೀಗವಿರುವ ಪೆಟ್ಟಿಗೆಯಲ್ಲಿ ಇಡಿ, ಬೆಳಿಗ್ಗೆ ಹಾಗೆಯೇ ಸಿಕ್ಕಿಸಿಕೊಳ್ಳಿ. ಬೀಗ ಮಾತ್ರ ತಪ್ಪಬಾರದು. ಚೇಂಬರ್ ತುಂಬಿದ ಪಿಸ್ತೂಲಿಗೆ ಎರಡೇ ಜಾಗ, ಒಂದು ಮೈಮೇಲೆ, ಇನ್ನೊಂದು ಬೀಗದೊಳಗೆ. ದಿಂಬಿನ ಕೆಳಗೆ, ಬೀರುವಿನ ಮೇಲೆ ಎಂಬುದೆಲ್ಲ ಮಕ್ಕಳಿಗೆ ಗೊತ್ತಿರದ ಜಾಗಗಳಲ್ಲ.

ತುಂಬುವ ಕ್ರಮ ಚುಟುಕಾಗಿ. ನಳಿಗೆ ಸುರಕ್ಷಿತ ದಿಕ್ಕಿಗೆ. ತುಂಬಿದ ಮ್ಯಾಗಜೀನ್ ಹಾಕಿ, ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಕೈ ಬಿಟ್ಟುಬಿಡಿ. ಕೈ ಹಿಡಿದುಕೊಂಡೇ ಮುಂದೆ ಸಾಗಿಸಿದರೆ ಸ್ಲೈಡ್ ಪೂರ್ತಿ ಮುಚ್ಚಿಕೊಳ್ಳದೆ ಉಳಿಯುತ್ತದೆ. ತೋಟಾ ಏರಿದೆಯೇ ಎಂದು ಎಕ್ಸ್‌ಟ್ರ್ಯಾಕ್ಟರ್ (ತೋಟಾವನ್ನು ಹಿಡಿದೆಳೆಯುವ, ಸ್ಲೈಡ್‌ನ ಪಕ್ಕದ ಕೊಕ್ಕೆ) ಮುಟ್ಟಿ ನೋಡಿ. ಗ್ಲಾಕ್‌ನಲ್ಲಿ ತೋಟಾ ಇದ್ದಾಗ ಅದು ಸ್ವಲ್ಪ ಉಬ್ಬಿರುತ್ತದೆ. ಹೋಲ್‌ಸ್ಟರ್‌ಗೆ ಹಾಕಿದ ಮೇಲೆ ಮ್ಯಾಗಜೀನ್ ತೆಗೆದು, ಕಡಿಮೆಯಾದ ಒಂದನ್ನು ತುಂಬಿ ಮತ್ತೆ ಹಾಕಿ. ಗ್ಲಾಕ್ 19ರಲ್ಲಿ 15 ಮತ್ತು ಒಂದು. ಮುಚ್ಚಿದ ಸ್ಲೈಡ್‌ನ ಕೆಳಗೆ ತುಂಬಿದ ಮ್ಯಾಗಜೀನ್ ಸುಲಭಕ್ಕೆ ಕೂರುವುದಿಲ್ಲ, ಗುದ್ದಿ ಕೂರಿಸಿ, ಆಮೇಲೆ ಕೆಳಕ್ಕೆ ಎಳೆದು ನೋಡಿ. ಇಲ್ಲದಿದ್ದರೆ ಮೊದಲ ಗುಂಡು ಹಾರಿದ ಮೇಲೆ ಮ್ಯಾಗಜೀನ್ ನೆಲದ ಮೇಲಿರುತ್ತದೆ.

ತೋಟಾವನ್ನು ಕೈಯಿಂದ ನೇರ ಚೇಂಬರ್‌ಗೆ ಹಾಕಿ ಸ್ಲೈಡ್ ಬಿಡುವ ಅಡ್ಡದಾರಿ ಬೇಡ. ತೋಟಾದ ಅಂಚು ಕೆಳಗಿನಿಂದ ಎಕ್ಸ್‌ಟ್ರ್ಯಾಕ್ಟರ್‌ನ ಕೊಕ್ಕೆಯೊಳಗೆ ಜಾರಿ ಕೂರಬೇಕೆಂಬುದು ವಿನ್ಯಾಸ. ಮುಂದಿನಿಂದ ಬಡಿದು ಹತ್ತಿಸಿದರೆ ಕೊಕ್ಕೆ ಮುರಿಯಬಹುದು. 1911 ಎಂಬ ಹಳೆಯ ಮಾದರಿಯ ಪಿಸ್ತೂಲಿನಲ್ಲಂತೂ ಖಂಡಿತ ಬೇಡ.

ಖಾಲಿ ಮಾಡುವಾಗ ಮೊದಲು ಮ್ಯಾಗಜೀನ್, ಆಮೇಲೆ ಸ್ಲೈಡ್. ಈ ಎರಡು ಹಿಂದುಮುಂದಾದರೆ ಒಂದು ತೋಟಾ ಹಾರಿ ಬೀಳುತ್ತದೆ, ಮ್ಯಾಗಜೀನ್‌ನಿಂದ ಇನ್ನೊಂದು ಸದ್ದಿಲ್ಲದೆ ಚೇಂಬರ್ ಸೇರುತ್ತದೆ, ನೀವು ಖಾಲಿ ಎಂದುಕೊಂಡು ಟ್ರಿಗರ್ ಒತ್ತುತ್ತೀರಿ. ಗ್ಲಾಕ್ ಬಿಚ್ಚಲು ಟ್ರಿಗರ್ ಒತ್ತಲೇಬೇಕಾದ್ದರಿಂದ ಇಲ್ಲಿ ಕ್ರಮ ತಪ್ಪಿದರೆ ಗುಂಡು ಹಾರುವುದು ಖಚಿತ. ಹೊರಬರುವ ತೋಟಾವನ್ನು ಅಂಗೈಯಲ್ಲಿ ಹಿಡಿಯುವ ಶೋಕಿಯೂ ಬೇಡ. ಕಿಂಡಿಯ ಮೇಲೆ ಕೈ ಮುಚ್ಚಿದಾಗ ತೋಟಾ ಹೊರಗೆ ಹಾರಲಾಗದೆ ತಿರುಗಿ, ಪ್ರೈಮರ್ ನೇರ ಎಜೆಕ್ಟರ್‌ನ (ತೋಟಾವನ್ನು ಹೊರಗೆ ತಳ್ಳುವ ತುಂಡು) ತುದಿಗೆ ಬಡಿದರೆ ಕೇಸ್ ಅಂಗೈಯಲ್ಲೇ ಸಿಡಿಯುತ್ತದೆ. ನೆಲಕ್ಕೆ ಬೀಳಲಿ, ಒರೆಸಿ ಎತ್ತಿಕೊಳ್ಳಿ.

ಹ್ಯಾಮರ್_ಪಕ್ಷ:

ಎಲ್ಲರೂ ಗ್ಲಾಕ್ ಸುತ್ತಲೇ ಸುತ್ತುತ್ತಿದ್ದೀರಿ. ಹೊಟ್ಟೆಯ ಮುಂದೆ ಒಯ್ಯುವವರಿಗೆ ಹ್ಯಾಮರ್ (ಹಿಂಬದಿಯಲ್ಲಿ ಹೊರಗೆ ಕಾಣುವ ಬಡಿಗೆ) ಇರುವ ಪಿಸ್ತೂಲು ಒಂದು ದೊಡ್ಡ ಅನುಕೂಲ ಕೊಡುತ್ತದೆ: ಹೋಲ್‌ಸ್ಟರ್‌ಗೆ ಇಳಿಸುವಾಗ ಹೆಬ್ಬೆರಳನ್ನು ಹ್ಯಾಮರ್ ಮೇಲೆ ಇಟ್ಟರೆ, ಏನಾದರೂ ಟ್ರಿಗರ್ ಒತ್ತಿದೊಡನೆ ಹ್ಯಾಮರ್ ಹಿಂದಕ್ಕೆ ಏಳುವುದು ಬೆರಳಿಗೇ ಗೊತ್ತಾಗುತ್ತದೆ, ಅಲ್ಲೇ ನಿಲ್ಲಿಸಬಹುದು. ಗ್ಲಾಕ್‌ಗೂ ಹಿಂಬದಿಯ ತಟ್ಟೆಯ ಜಾಗದಲ್ಲಿ ಕೂರುವ, ಸ್ಟ್ರೈಕರ್ ಹಿಂದೆ ಸರಿದರೆ ಹೆಬ್ಬೆರಳಿಗೆ ತಾಗುವ ಮುಚ್ಚಳ ಸಿಗುತ್ತದೆ. ಹೊಸಗುರಿ ಅವರ ಹಿಂಜರಿಕೆಗೆ ಅದು ಒಳ್ಳೆಯ ಔಷಧ.

ಸಿಗ್ ಪಿ226ರಂಥ ಡಬಲ್ ಆಕ್ಷನ್‌ನಲ್ಲಿ (ಮೊದಲ ಸಲ ಟ್ರಿಗರೇ ಹ್ಯಾಮರನ್ನು ಏರಿಸುವ ಬಗೆ) ಮೊದಲ ಎಳೆತ ಸುಮಾರು 4.5 ಕೆಜಿ, ಎರಡನೆಯದರಿಂದ 2 ಕೆಜಿ. ಹಾಗಾಗಿ ಅಭ್ಯಾಸ ಮುಗಿಸಿ ಒಳಗೆ ಹಾಕುವ ಮೊದಲು ಡಿಕಾಕರ್ (ಏರಿದ ಹ್ಯಾಮರನ್ನು ಸುರಕ್ಷಿತವಾಗಿ ಇಳಿಸುವ ಸನ್ನೆ) ಒತ್ತುವುದು ಮರೆತರೆ ಈ ಅನುಕೂಲವೆಲ್ಲ ನೀರುಪಾಲು. ಸಿಜೆಡ್ 75 ಬಿ ಮಾದರಿಯಲ್ಲಿ ಡಿಕಾಕರ್ ಇಲ್ಲ. ತುಂಬಿದ ಚೇಂಬರ್ ಮೇಲೆ ಹ್ಯಾಮರನ್ನು ಹೆಬ್ಬೆರಳಿಂದ ಇಳಿಸುವುದು ನನ್ನ ಲೆಕ್ಕದಲ್ಲಿ ಒಯ್ಯುವ ವಿಧಾನವೇ ಅಲ್ಲ. ಅದನ್ನು ಹ್ಯಾಮರ್ ಏರಿಸಿ, ಸೇಫ್ಟಿ ಹಾಕಿ ಒಯ್ಯಿರಿ. 1911ಕ್ಕೂ ಅದೇ ಕ್ರಮ. ನೋಡುವವರಿಗೆ ಭಯ ಹುಟ್ಟಿಸುತ್ತದೆ, ಆದರೆ ಹ್ಯಾಮರ್ ಇಳಿಸಿದ 1911ಕ್ಕಿಂತ ಅದು ಕ್ಷೇಮ. ಹ್ಯಾಮರ್ ಅರ್ಧ ಏರಿ ನಿಲ್ಲುವ ಕಚ್ಚು ಇದೆಯಲ್ಲ, ಅದನ್ನು ಸೇಫ್ಟಿ ಎಂದು ಬಳಸುವವರು ಇನ್ನೂ ಇದ್ದಾರೆ. ಜಾರಿದ ಹ್ಯಾಮರನ್ನು ಹಿಡಿಯಲೆಂದು ಮಾಡಿದ್ದು ಅದು, ಒಯ್ಯಲೆಂದು ಅಲ್ಲ.

ಸೇಫ್ಟಿ ಇದ್ದರೆ ಎಳೆಯುವಾಗ ಪ್ರತಿಸಲ ಅದನ್ನು ತೆಗೆಯುವ ಚಲನೆ ಇರಲೇಬೇಕು. 1911ರಲ್ಲಿ ಕೆಳಕ್ಕೆ ಒತ್ತಬೇಕು, ಬೆರೆಟ್ಟಾ 92 ಎಫ್‌ಎಸ್‌ನಲ್ಲಿ ಮೇಲಕ್ಕೆ. ಎರಡನ್ನೂ ವಾರ ಬಿಟ್ಟು ವಾರ ಬದಲಿಸಿ ಒಯ್ಯುವವರಿಗೆ ಬೆರಳು ಯಾವ ಕಡೆ ಹೋಗುತ್ತದೋ ದೇವರೇ ಬಲ್ಲ.

ಸ್ಲೈಡ್‌ನೊಳಗೆ:

ಹ್ಯಾಮರ್_ಪಕ್ಷ ಅವರೇ, ಹೆಬ್ಬೆರಳಿನ ವಿಷಯ ಒಪ್ಪಿದೆ. ಆದರೆ ಸ್ಪ್ರಿಂಗ್‌ಫೀಲ್ಡ್ ಎಕ್ಸ್‌ಡಿಯಂತೆ ಹಿಡಿಯ ಹಿಂಭಾಗದಲ್ಲಿ ಸೇಫ್ಟಿ ಇರುವವುಗಳಲ್ಲಿ ಮುಖ್ಯ ಲಾಭ ಬೇರೆ: ಹೆಬ್ಬೆರಳನ್ನು ಸ್ಲೈಡ್‌ನ ಹಿಂದಕ್ಕೆ ತಂದು ತಳ್ಳಿದರೆ ಅಂಗೈ ಹಿಡಿಯಿಂದ ಬಿಡುತ್ತದೆ, ಸೇಫ್ಟಿ ತಾನಾಗಿ ಹಾಕಿಕೊಳ್ಳುತ್ತದೆ. ಒಳಗೆ ತಳ್ಳುವಾಗ ಮುಷ್ಟಿ ಬಿಗಿ ಹಿಡಿದರೆ ಆ ಸೇಫ್ಟಿ ಇದ್ದೂ ಪ್ರಯೋಜನವಿಲ್ಲ.

ಹೊಸಗುರಿ:

ಎಲ್ಲರಿಗೂ ಧನ್ಯವಾದ. ಇನ್ನೊಂದು. ಹೊರಗೆ ಶೌಚಾಲಯಕ್ಕೆ ಹೋದಾಗ ಏನು ಮಾಡುತ್ತೀರಿ? ಜೇಬಿನಲ್ಲಿ ಸಣ್ಣ ಪಿಸ್ತೂಲು, ಹೆಗಲ ಚೀಲ, ಇವು ಚೇಂಬರ್ ತುಂಬಿಸಿ ಒಯ್ಯಲು ತಕ್ಕವೇ?

ಕೈಡೆಕ್ಸ್_ಕೆಲಸ:

ಶೌಚಾಲಯದಲ್ಲಿ ಹೋಲ್‌ಸ್ಟರ್‌ನಿಂದ ತೆಗೆಯಲೇಬೇಡಿ. ಟಿಶ್ಯೂ ಡಬ್ಬಿಯ ಮೇಲೆ ಇಟ್ಟದ್ದು ಮರೆತೇ ಹೋಗುತ್ತದೆ, ಬಾಗಿಲ ಕೊಕ್ಕೆಗೆ ಟ್ರಿಗರ್ ಗಾರ್ಡ್ ತಗುಲಿಸಿದರೆ ಕೊಕ್ಕೆಯೇ ಬೆರಳಾಗುತ್ತದೆ. ಪ್ಯಾಂಟನ್ನು ಮೊಣಕಾಲ ಮಟ್ಟಕ್ಕೆ ಇಳಿಸಿ, ಅಲ್ಲೇ ಬೆಲ್ಟ್ ಮತ್ತೆ ಸಿಕ್ಕಿಸಿ, ಹೋಲ್‌ಸ್ಟರ್ ಪ್ಯಾಂಟಿಗೇ ಹಿಡಿದಿರುವಂತೆ ಬಿಗಿ ಮಾಡಿ. ಪಿಸ್ತೂಲಿನ ಹಿಡಿ ಒಳಮುಖಕ್ಕೆ ಬಾಗಿರಲಿ. ಬೆಲ್ಟ್ ಸಡಿಲಬಿಟ್ಟರೆ ಹಿಡಿಯ ಭಾರಕ್ಕೆ ಮಗುಚಿ ಜಾರುತ್ತದೆ. ಕುಕ್ಕರಗಾಲಲ್ಲಿ ಕೂರುವ ಕಡೆಯಾದರೆ ಹೋಲ್‌ಸ್ಟರ್ ಸಮೇತ ಬಿಚ್ಚಿ ಒಂದು ಕೈಯಲ್ಲೇ ಹಿಡಿದುಕೊಳ್ಳುವುದು ಮೇಲು.

ಜೇಬಿಗೆ ಜೇಬಿನದೇ ಹೋಲ್‌ಸ್ಟರ್ ಬೇಕು, ಟ್ರಿಗರ್ ಮುಚ್ಚುವಂಥದ್ದು. ಆ ಜೇಬಿನಲ್ಲಿ ಬೇರೆ ಏನೂ ಇರಬಾರದು. ಬೀಗದಕೈ, ಪೆನ್ನು, ಚಿಲ್ಲರೆ ಯಾವುದೂ. ಮತ್ತೆ ಹಾಕುವಾಗ ಹೋಲ್‌ಸ್ಟರನ್ನು ಜೇಬಿನಿಂದ ತೆಗೆದು, ಹೊರಗೆ ಪಿಸ್ತೂಲಿಗೆ ತೊಡಿಸಿ, ಒಟ್ಟಿಗೆ ಒಳಗೆ. ಚೀಲ ನನಗಂತೂ ಬೇಡ. ಕೆಳಗಿಟ್ಟ ಚೀಲ ಯಾರ ಕೈಗೂ ಸಿಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಪಿಸ್ತೂಲಿಗೆಂದೇ ಪ್ರತ್ಯೇಕ ಖಾನೆ, ಖಾನೆಗೆ ಹೊಲಿದ ಗಟ್ಟಿ ಹೋಲ್‌ಸ್ಟರ್, ಚೀಲ ಹೆಗಲಿನಿಂದ ಇಳಿಯಕೂಡದು.

ತೋಟಾಲೆಕ್ಕ:

ಒಂದು ಅಡ್ಡಮಾತು. ಹೊಟ್ಟೆಯ ಮುಂದೆ ಒಯ್ಯುವವರು ಜೊತೆಗೆ ಗಾಯಕ್ಕೆ ತುರುಕುವ ಗಾಜ್ ಬಟ್ಟೆಯನ್ನೂ ಇಟ್ಟುಕೊಳ್ಳಿ, ಬಳಸುವುದನ್ನೂ ಕಲಿಯಿರಿ. ತೊಡೆಸಂದಿಯ ಗಾಯಕ್ಕೆ ಟೂರ್ನಿಕೆಟ್ (ರಕ್ತ ನಿಲ್ಲಿಸುವ ಬಿಗಿಪಟ್ಟಿ) ಕಟ್ಟಲು ಜಾಗವೇ ಇರುವುದಿಲ್ಲ. ಗಾಯದೊಳಗೆ ಬಟ್ಟೆ ತುಂಬಿ, ಆಸ್ಪತ್ರೆ ತಲುಪುವವರೆಗೆ ಮೈಭಾರ ಹಾಕಿ ಒತ್ತಿ ಹಿಡಿಯಬೇಕು.

ಸ್ಲೈಡ್‌ನೊಳಗೆ:

ಹೊಸಗುರಿ ಅವರೇ, ಇಷ್ಟೆಲ್ಲ ಓದಿಯೂ ಮನಸ್ಸು ಒಪ್ಪದಿದ್ದರೆ ಚೇಂಬರ್ ಖಾಲಿಯಾಗಿಯೇ ಇರಲಿ, ಯಾರ ಮಾತಿಗೂ ಮಣಿಯಬೇಡಿ. ಒಪ್ಪಿಸಿಕೊಳ್ಳಲು ಹೀಗೆ ಮಾಡಿ ನೋಡಿ: ಮ್ಯಾಗಜೀನ್ ಹೊರಗೆ ತೆಗೆದು, ಚೇಂಬರ್ ಖಾಲಿ ಇರುವಾಗ ಸ್ಲೈಡ್ ಒಮ್ಮೆ ಎಳೆದು ಬಿಡಿ. ಗ್ಲಾಕ್‌ನ ಟ್ರಿಗರ್ ಮುಂದಕ್ಕೆ ಬಂದು ನಿಲ್ಲುತ್ತದೆ. ಹಾಗೇ ಹೋಲ್‌ಸ್ಟರ್‌ನಲ್ಲಿ ಹಾಕಿ ಮನೆಯೊಳಗೆ ಒಂದು ವಾರ ಓಡಾಡಿ, ಬಗ್ಗಿ, ಕೂತು, ಮೆಟ್ಟಿಲು ಹತ್ತಿ. ರಾತ್ರಿ ತೆಗೆದಾಗ ಟ್ರಿಗರ್ ಮುಂದೆಯೇ ಇದ್ದರೆ ಆ ದಿನ ಅದನ್ನು ಯಾವುದೂ ಒತ್ತಿಲ್ಲ. ಹಿಂದಕ್ಕೆ ಅಂಟಿಕೊಂಡಿದ್ದರೆ ಏನೋ ಒತ್ತಿದೆ. ಹೋಲ್‌ಸ್ಟರ್ ಬದಲಿಸಿ, ಮತ್ತೆ ಮೊದಲ ದಿನದಿಂದ ಎಣಿಸಿ.

ಶುಚಿ ಮಾಡುವಾಗಲೆಲ್ಲ ಎರಡು ತಪಾಸಣೆ. ಖಾಲಿ ಪಿಸ್ತೂಲಿನ ಟ್ರಿಗರನ್ನು ನಡುವಿನ ಅಲಗು ಮುಟ್ಟದೆ ಎರಡು ಅಂಚುಗಳಿಂದ ಹಿಂದಕ್ಕೆ ತಳ್ಳಿ; ಸರಿಯಬಾರದು. ಸ್ಲೈಡ್ ಬಿಚ್ಚಿದ ಮೇಲೆ ಸ್ಟ್ರೈಕರ್‌ನ ಕಿವಿಯನ್ನು ಹಿಂದಕ್ಕೆಳೆದು ಮೆಲ್ಲಗೆ ಮುಂದೆ ಬಿಡಿ, ಪ್ಲಂಜರ್‌ಗೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಹೆಬ್ಬೆರಳಿಂದ ಮುಂದಕ್ಕೆ ಒತ್ತಿದರೂ ಅದು ದಾಟಬಾರದು, ತುದಿ ಮುಂದೆ ಇಣುಕಬಾರದು. ದಾಟಿತೆಂದರೆ ಆ ಪಿಸ್ತೂಲು ನುರಿತ ಮೆಕ್ಯಾನಿಕ್ ಕೈಗೆ ಹೋಗಬೇಕು, ಸೊಂಟಕ್ಕಲ್ಲ. ಸ್ಟ್ರೈಕರ್ ಓಡಾಡುವ ಕೊಳವೆಗೆ ಎಣ್ಣೆ ಬಿಡಬೇಡಿ. ಬಟ್ಟೆಯ ನೂಲುದೂಳು ಅಂಟಿ ಜಿಡ್ಡಾಗಿ ಸ್ಟ್ರೈಕರ್ ಓಟವನ್ನೇ ನಿಧಾನ ಮಾಡುತ್ತದೆ. ಸೊಂಟದಲ್ಲಿ ಇರುವ ಪಿಸ್ತೂಲು ಹಾರಿಸದಿದ್ದರೂ ಕೊಳೆಯಾಗುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ಒಣಬಟ್ಟೆಯಿಂದ ಒರೆಸಿ.